ದಾದಿಯ ಕೇಸರಿ ಶಾಯಿ

ಹೊಸಮನೆ ಬಡಾವಣೆಯಲ್ಲಿ ನಾವಿದ್ದ ಮನೆಗೆ ಎರಡೂವರೆ ಕೋಣೆ. ಆ ಅರ್ಧ ಕೋಣೆ ನಮ್ಮ ದಾದಿಯದು, ಎಂದರೆ ಅಬ್ಬಾನ ತಾಯಿಯದು. ಪಡಸಾಲೆಯ ಮೂಲೆಗೆ ಹಳೇ ಸೀರೆಯ ಪರದೆ ಕಟ್ಟಿ, ಅದರ ಹಿಂದೆ ಒಂದು ಹಗ್ಗದ ಮಂಚ, ಮಂಚದ ಕೆಳಗೊಂದು ತಗಡಿನ ಪೆಟ್ಟಿಗೆ ಇಟ್ಟಿದ್ದರು. ರಾತ್ರಿ ಆ ಮಂಚದಲ್ಲಿ ನನಗೂ ಪಾಲು. ನಾನು ಗೋಡೆ ಕಡೆ, ದಾದಿ ಈಚೆ. ಅವಳ ಮೈಯಿಂದ ಎಲೆಅಡಿಕೆ, ಅತ್ತರು, ಶುಂಠಿ ಕಷಾಯ ಎಲ್ಲ ಕಲಸಿದ ಒಂದು ವಾಸನೆ ಬರುತ್ತಿತ್ತು. ಅದಿಲ್ಲದೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಅಬ್ಬಾ ಲಾರಿ ಡ್ರೈವರು. ಬೆಳಿಗ್ಗೆ ಭದ್ರಾವತಿಗೆಂದು ಹೊರಟರೆ ಸಂಜೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಹೀಗಾಗಿ ಮನೆಯ ದರಬಾರು ಪೂರ್ತಿ ಹೆಂಗಸರದು, ಜಗಳವೂ ಅವರದೇ. ಸಾರಿಗೆ ಹುಳಿ ಹೆಚ್ಚಾಯಿತೆಂದು ದಾದಿ, ಇಲ್ಲವೆಂದು ಅಮ್ಮೀ. ಇಬ್ಬರೂ ಮಾತು ಬಿಟ್ಟಾಗ ನಾನು ಟಪಾಲಿನವಳು.

“ಹೋಗಿ ನಿಮ್ಮ ದಾದಿಗೆ ಹೇಳು, ಊಟಕ್ಕೆ ಬರಬೇಕಂತೆ.”

“ಹೋಗಿ ನಿಮ್ಮಮ್ಮನಿಗೆ ಹೇಳು, ನನಗೆ ಹಸಿವಿಲ್ಲ. ಅನ್ನ ಮಾತ್ರ ಆರಿಸಬೇಡ ಅನ್ನು.”

ಇಬ್ಬರೂ ಕೂತಿದ್ದದ್ದು ಎರಡು ಮಾರು ದೂರದಲ್ಲಿ! ಇದೆಲ್ಲ ನಡೆಯುತ್ತಿದ್ದದ್ದು ನಮ್ಮ ಮನೆಮಾತು ದಖನಿ ಉರ್ದುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ದಾದಿಯ ಬೈಗುಳದ ರುಚಿ ಅರ್ಧಕ್ಕರ್ಧ ಹೋಯಿತು, ಏನು ಮಾಡಲಿ.

ಉಳಿದ ದಿನವೆಲ್ಲ ದಾದಿ ಮೂಲೆಯ ಮುದುಕಿ. ಕಣ್ಣಿಗೆ ಪೊರೆ ಬಂದಿತ್ತು, ಅಕ್ಕಿ ಆರಿಸಲು ಕೊಟ್ಟರೆ ಕಲ್ಲು ಉಳಿಯುತ್ತಿತ್ತು, ಅಬ್ಬಾ ಅವಳ ಮಾತಿಗೆ ಹೂಂ ಅನ್ನುತ್ತಲೇ ಚಪ್ಪಲಿ ಮೆಟ್ಟುತ್ತಿದ್ದರು. ಗುರುವಾರ ಸಂಜೆ ಮಾತ್ರ ಅವಳೇ ಬೇರೆ. ಒಗೆದ ಬಿಳಿ ಸೀರೆಯುಟ್ಟು ಜಗುಲಿಯ ಚಾಪೆಯ ಮೇಲೆ ಕೂರುವಳು. ಮುಂದೊಂದು ಬಿಳಿ ಪಿಂಗಾಣಿ ತಟ್ಟೆ, ಪಕ್ಕದಲ್ಲಿ ಗುಲಾಬಿ ನೀರಿನಲ್ಲಿ ಅರೆದ ಕೇಸರಿಯ ಬಟ್ಟಲು. ಚೂಪು ಮಾಡಿದ ಜೊಂಡಿನ ಕಡ್ಡಿಯನ್ನು ಅದರಲ್ಲಿ ಅದ್ದಿ ತಟ್ಟೆಯ ಮೇಲೆ ಕುರಾನಿನ ಸಾಲು ಬರೆಯುವಳು. ಕಣ್ಣು ಕಾಣದಿದ್ದರೂ ಕೈಗೆ ದಾರಿ ಗೊತ್ತಿತ್ತು. ಬರೆದದ್ದು ಒಣಗಿದ ಮೇಲೆ ನೀರು ಹಾಕಿ ತೊಳೆದು, ಆ ಹಳದಿ ನೀರನ್ನು ಬಂದವರ ಲೋಟಕ್ಕೆ ಬಗ್ಗಿಸುವಳು. ರಾತ್ರಿಯೆಲ್ಲ ಅಳುವ ಕೂಸು, ಮೊಲೆ ಹಿಡಿಯದ ಕೂಸು, ಬೆಚ್ಚಿ ಬೀಳುವ ಮಕ್ಕಳು, ದಿನ ತುಂಬಿದರೂ ನೋವು ಬಾರದ ಬಸುರಿ, ಇವರಿಗೆಲ್ಲ ಆ ನೀರು. ನಮ್ಮವರಷ್ಟೇ ಅಲ್ಲ, ಕುಂಕುಮ ಇಟ್ಟವರೂ ಸರತಿಯಲ್ಲಿ ಕೂರುತ್ತಿದ್ದರು. ಅವರೆಲ್ಲ ದಾದಿಯನ್ನು ಬೀಬಮ್ಮ ಎನ್ನುತ್ತಿದ್ದರು. ಅವಳು ಯಾರಿಂದಲೂ ಏನೂ ಮುಟ್ಟುತ್ತಿರಲಿಲ್ಲ. “ಬೀಬಮ್ಮಾ, ನೀವು ಕೊಟ್ಟ ನೀರಿಗೆ ಮಗು ನಿದ್ದೆ ಮಾಡ್ತು” ಎಂದು ಯಾರಾದರೂ ಅಂದರೆ ಸಾಕು, ವಾರಕ್ಕೆ ಬೇಕಾದಷ್ಟು ಗತ್ತು ಬಂದುಬಿಡುತ್ತಿತ್ತು. ಆ ಗುರುವಾರವೊಂದೇ ಅವಳ ಆಸ್ತಿ ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಬಾಯಿ ಮುಚ್ಚಿಕೊಂಡಿರುತ್ತಿದ್ದೆ ಅಂತ ಹೇಳಲಾರೆ.

ಕೇಸರಿಯನ್ನು ಬೊಂಬಾಯಿಯಲ್ಲಿದ್ದ ಅವಳ ತಮ್ಮ ಚಿಕ್ಕ ಡಬ್ಬಿಯಲ್ಲಿ ಕಳಿಸುತ್ತಿದ್ದ. ಡಬ್ಬಿ ದಾದಿಯ ಪೆಟ್ಟಿಗೆಯಲ್ಲಿ, ಅರೆಯುವ ಕೆಲಸ ಅಮ್ಮೀಯದು. “ದುಲ್ಹನ್, ಚಿಟಿಕೆ ತಗೊಂಡು ಅರೆದು ಕೊಡಮ್ಮ” ಎಂದು ದಾದಿ ಬೀಗದಕೈ ಎಸೆಯುವಳು. ಮದುವೆಯಾಗಿ ಅಷ್ಟು ವರ್ಷವಾದರೂ ಸೊಸೆ ಅವಳಿಗೆ ದುಲ್ಹನ್, ಮದುವಣಗಿತ್ತಿಯೇ.

ಇನ್ನು ನನ್ನ ವಿಷಯ. ನಾನು ಕಪ್ಪು. ನೆಂಟರಿಗೆ ಮಾತಿಗೊಂದು ವಿಷಯವಾಗುವಷ್ಟು ಕಪ್ಪು. ಅಮ್ಮೀ ದಂತದ ಬಣ್ಣ. ಮದುವೆಮನೆಗಳಲ್ಲಿ ನಮ್ಮಿಬ್ಬರನ್ನು ಪಕ್ಕಪಕ್ಕ ಕಂಡ ಹೆಂಗಸರು, “ತಾಯಿ ಹಾಲು, ಮಗಳು ಡಿಕಾಕ್ಷನ್” ಎಂದು ನಗುತ್ತಿದ್ದರು. ಅಮ್ಮೀಯೂ ನಗುತ್ತಿದ್ದಳು, ಮನೆಗೆ ಬಂದ ಮೇಲೆ ಕಡಲೆಹಿಟ್ಟು ಹಚ್ಚಿ ನನ್ನ ಮುಖದ ಚರ್ಮ ಕಿತ್ತುಬರುವ ಹಾಗೆ ಉಜ್ಜುತ್ತಿದ್ದಳು. ಆ ವರ್ಷ ಅವಳು ಮತ್ತೆ ಬಸುರಿಯಾಗಿದ್ದಳು. ಮಧ್ಯೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು, ಅದಕ್ಕೇ ಮನೆಯಲ್ಲಿ ಎಲ್ಲರಿಗೂ ಭಯ, ಎಲ್ಲರಿಗೂ ಆಸೆ.

ಅದೇ ಹೊತ್ತಿಗೆ ಶಾಲೆಯಲ್ಲಿ ನಮ್ಮ ವಿಜ್ಞಾನದ ಟೀಚರು ಒಂದು ಪ್ರಯೋಗ ತೋರಿಸಿದರು. ಒತ್ತುಕಾಗದದ ಪಟ್ಟಿ ಕತ್ತರಿಸಿ, ಬುಡದಿಂದ ಬೆರಳಗಲ ಮೇಲೆ ಕಪ್ಪು ಶಾಯಿಯ ಒಂದು ಚುಕ್ಕೆ ಇಟ್ಟು, ನೀರಿನ ಲೋಟದಲ್ಲಿ ಬುಡ ಮಾತ್ರ ಮುಳುಗುವಂತೆ ತೂಗುಬಿಟ್ಟರು. ನೀರು ಕಾಗದವನ್ನು ಏರುತ್ತಾ ಹೋಯಿತು. ಏರುವಾಗ ಚುಕ್ಕೆಯನ್ನೂ ಎಳೆದುಕೊಂಡು ಹೋಯಿತು. ನೋಡುನೋಡುತ್ತಿದ್ದಂತೆ ಕಪ್ಪಿನೊಳಗಿಂದ ನೀಲಿ ಬಂತು, ನೇರಳೆ ಬಂತು, ತುದಿಯಲ್ಲಿ ಒಂದಿಷ್ಟು ಹಳದಿ.

“ಕಪ್ಪು ಅಂದ್ರೆ ಒಂದೇ ಬಣ್ಣ ಅಂದ್ಕೋಬೇಡಿ ಮಕ್ಕಳೇ. ಒಳಗೆ ಎಷ್ಟೋ ಬಣ್ಣ ಸೇರಿಕೊಂಡಿರುತ್ತೆ, ನೀರು ಒಂದೊಂದನ್ನೂ ಬೇರೆ ಮಾಡುತ್ತೆ.”

ಅವರು ಶಾಯಿಗೆ ಹೇಳಿದ್ದನ್ನು ನಾನು ನನಗೇ ಹೇಳಿದರು ಅಂದುಕೊಂಡೆ. ಅವತ್ತಿನಿಂದ ನನಗೆ ಹುಚ್ಚು ಹಿಡಿಯಿತು. ಅಬ್ಬಾ ಭದ್ರಾವತಿಯಿಂದ ಲಾರಿಯಲ್ಲಿ ಕಾಗದದ ಹೊರೆ ತರುವಾಗ ಕತ್ತರಿಸಿ ಬಿಸಾಕಿದ ಅಂಚಿನ ಪಟ್ಟಿಗಳನ್ನು ನನಗೆಂದು ತರುತ್ತಿದ್ದರು. ಅದರಲ್ಲಿ ಕೆಲವು ದಪ್ಪ, ನೀರು ಕುಡಿಯುವ ಜಾತಿಯವು. ಮನೆಯ ಲೋಟಗಳೆಲ್ಲ ನನ್ನ ಪ್ರಯೋಗಕ್ಕೆ ಹೋದವು. ನೀಲಿ ಶಾಯಿ, ಕೆಂಪು ಶಾಯಿ, ಬಟ್ಟೆಯ ನೀಲಿ, ಬೀಟ್‌ರೂಟ್ ರಸ. ಅರಿಸಿನ ನೀರು ಕೂತಲ್ಲಿಂದ ಮೇಲೇಳಲೇ ಇಲ್ಲ. ಅಡುಗೆಮನೆಯಲ್ಲಿ ಜರ್ದಾಕ್ಕೆ, ಅಂದರೆ ನಮ್ಮ ಹಬ್ಬದ ಸಿಹಿ ಅನ್ನಕ್ಕೆ ಹಾಕುವ ಬಣ್ಣದ ಪುಡಿಯ ಪೊಟ್ಟಣವಿತ್ತು. ಅದನ್ನೂ ಬಿಡಲಿಲ್ಲ. ನೋಡಲು ಒಂದೇ ಕಿತ್ತಳೆ ಬಣ್ಣ. ಕಾಗದದ ಮೇಲೆ ಕೆಳಗೆ ಗುಲಾಬಿ, ಮೇಲೆ ಹಳದಿ, ಮಧ್ಯೆ ಗೆರೆ ಕೊಯ್ದ ಹಾಗೆ ಬೇರೆಯಾಯಿತು. ಅಮ್ಮೀ ಪೊಟ್ಟಣ ಕಿತ್ತುಕೊಂಡಳು.

“ಇದನ್ನ ಮುಟ್ಟಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿನಗೆ?”

ಅದಕ್ಕೆ ಮುಂಚೆ ಒಂದು ಸಲವೂ ಹೇಳಿರಲಿಲ್ಲ. ಆದರೂ ನನಗೆ ಅನುಮಾನ ಬರಲಿಲ್ಲ.

ಆ ಗುರುವಾರ ಜಗುಲಿ ತುಂಬಿತ್ತು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಿಂದ ಸರೋಜಮ್ಮ ಬಂದಿದ್ದರು. ಮೊದಲಿನ ಎರಡು ಕೂಸುಗಳನ್ನು ಕಳೆದುಕೊಂಡು ಮೂರನೆಯದನ್ನು ಜೀವಕ್ಕೆ ಅಂಟಿಸಿಕೊಂಡಿದ್ದವರು. ಕೂಸು ಹಾಲು ಕುಡಿಯದೆ ಅಳುತ್ತಿದ್ದಾಗ ಯಾರೋ ನಮ್ಮ ಮನೆ ತೋರಿಸಿದ್ದರು. ಕೆಲವು ವಾರಗಳಿಂದ ತಪ್ಪದೆ ಬಸ್ಸು ಹತ್ತಿ ಬರುತ್ತಿದ್ದರು, ಕೂಸು ಮೈ ಕೈ ತುಂಬಿಕೊಳ್ಳುತ್ತಿತ್ತು. “ನಿಮ್ಮ ಕೈಗುಣ ಬೀಬಮ್ಮಾ” ಎಂದು ಅವರು ಎಲ್ಲರೆದುರು ದಾದಿಯ ಕಾಲು ಮುಟ್ಟಿದರು. ದಾದಿ ಬೇಡಬೇಡವೆನ್ನುತ್ತಾ ಹಿಗ್ಗುತ್ತಿದ್ದಳು. ನಾನು ಬಾಗಿಲ ಬಳಿ ನನ್ನ ಲೋಟ ಇಟ್ಟುಕೊಂಡು, ಬಟ್ಟಲಿನ ತಳದಲ್ಲಿ ಉಳಿದ ಕೇಸರಿ ಶಾಯಿಯ ಚುಕ್ಕೆಯಿಟ್ಟಿದ್ದೆ. ನೀರು ಏರಿತು. ಕೆಳಗೆ ಗುಲಾಬಿ, ಮೇಲೆ ಹಳದಿ, ಮಧ್ಯೆ ಕೊಯ್ದ ಗೆರೆ.

ಅದು ನನ್ನ ಮೊದಲ ಸಂಶೋಧನೆ, ನನ್ನ ಜಂಭಕ್ಕೆ ಕೇಳಬೇಕೆ! ಪಟ್ಟಿಯನ್ನು ಬಾವುಟದಂತೆ ಎತ್ತಿ ಹಿಡಿದು, ಎಲ್ಲರಿಗೂ ತಿಳಿಯಲಿ ಎಂದು ಕನ್ನಡದಲ್ಲೇ ಕೂಗಿದೆ.

“ದಾದಿ, ಇದು ಕೇಸರಿ ಅಲ್ಲ! ಜರ್ದಾ ಬಣ್ಣ! ನೋಡಿ, ಎರಡೂ ಒಂದೇ ಥರ ಒಡೀತು!”

ಚಪ್ಪಾಳೆ ಬೀಳುತ್ತದೆ ಅಂದುಕೊಂಡಿದ್ದೆ. ಸರೋಜಮ್ಮ ಲೋಟದೊಳಗೆ ನೋಡಿದರು, ತೊಡೆಯ ಮೇಲಿದ್ದ ಕೂಸಿನ ಬಾಯಿ ನೋಡಿದರು, ಸೆರಗಿನಿಂದ ಅದರ ತುಟಿ ಒರೆಸಿದರು.

“ಬೀಬಮ್ಮಾ, ಇಷ್ಟು ದಿನ ನನ್ನ ಕೂಸಿಗೆ ಬಣ್ಣದ ನೀರು ಕುಡಿಸಿದ್ರಾ? ಹೇಳಿ, ಆ ಹುಡುಗಿ ಹೇಳೋದು ನಿಜಾನಾ?”

ದಾದಿ ನನ್ನತ್ತ ನೋಡಲಿಲ್ಲ. ಅಡುಗೆಮನೆಯ ಬಾಗಿಲ ಕಡೆ ಮುಖ ತಿರುಗಿಸಿದಳು. ಅಲ್ಲಿ ಅಮ್ಮೀ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ದಾದಿಯ ಪೊರೆಗಣ್ಣಿಗೆ ಅವಳೆಷ್ಟು ಕಂಡಳೋ. ಆಮೇಲೆ ಮೆಲ್ಲಗೆ ಹೇಳಿದಳು.

“ನಿಜ ಸರೋಜಮ್ಮ. ಕೇಸರಿ ಮುಗಿದಿತ್ತು. ನಾನೇ ಹಾಕ್ದೆ.”

“ಮುಗಿದಿದೆ ಅಂತ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು? ನಾವೇ ತಂದುಕೊಡ್ತಿರ್ಲಿಲ್ವಾ? ದೇವರ ಹೆಸರಲ್ಲಿ ಹಿಂಗೆ ಮಾಡೋದಾ?”

ಒಬ್ಬೊಬ್ಬರೇ ಎದ್ದರು. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು. ಮರ್ಯಾದಸ್ಥರು, ಚಪ್ಪಲಿ ಮೆಟ್ಟಿಕೊಂಡು ಸುಮ್ಮನೆ ಹೋದರು. ಮುಂದಿನ ಗುರುವಾರ ಇಬ್ಬರು ಬಂದರು. ಅದರ ಮುಂದೆ ಯಾರೂ ಬರಲಿಲ್ಲ. ಅಬ್ಬಾನಿಗೆ ಪೇಟೆಯ ಮಂಡಿಯಲ್ಲಿ ಯಾರೋ ಹೇಳಿದ್ದರು. ಮನೆಗೆ ಬಂದವರೇ ತಾಯಿಯ ಮುಂದೆ ನಿಂತು, ಊರಲ್ಲಿ ತಲೆ ಎತ್ತಿ ಓಡಾಡೋ ಹಾಗಿಲ್ಲ, ಈ ವಯಸ್ಸಲ್ಲಿ ನಿನಗ್ಯಾಕೆ ಬೇಕಿತ್ತು ಇದು ಎಂದು ಕೂಗಾಡಿದರು. ದಾದಿ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದಳು. ಅಮ್ಮೀ ರೊಟ್ಟಿ ಬೇಯಿಸುತ್ತಿದ್ದಳು. ಒಂದೂ ಸರಿಯಾಗಿ ಉಬ್ಬಲಿಲ್ಲ.

ನಾನು ಮಾಡಿದ್ದು ಅಷ್ಟೇ ಆಗಿದ್ದರೆ, ಹುಡುಗುಬುದ್ಧಿ ಎಂದು ನನ್ನನ್ನು ನಾನೇ ಕ್ಷಮಿಸಿಕೊಂಡುಬಿಡುತ್ತಿದ್ದೆ. ಅಷ್ಟೇ ಅಲ್ಲ. ನಾನು ದಾದಿಯನ್ನು ಕಂಡು ಅಸಹ್ಯಪಟ್ಟೆ. ಸುಳ್ಳಿ, ಮೋಸಗಾತಿ ಅಂದುಕೊಂಡೆ. ಸತ್ಯವೇ ಹೇಳಬೇಕು ಎಂದು ನನ್ನ ಕೆನ್ನೆ ಹಿಂಡಿ ಕಲಿಸಿದವಳು ಅವಳೇ ಅಲ್ಲವೇ ಎಂಬ ಸಿಟ್ಟು. ಮಂಚ ಬಿಟ್ಟು ಅಮ್ಮೀಯ ಪಕ್ಕ ಚಾಪೆ ಹಾಸಿಕೊಂಡೆ. ದಾದಿ ಕರೆದರೆ ಕೇಳಿಸಲಿಲ್ಲವೆಂಬಂತೆ ಹಿತ್ತಲಿಗೆ ಹೋದೆ. ಅವಳು ತಾನು ತಿನ್ನದೆ ತೆಗೆದಿಟ್ಟ ಖರ್ಜೂರ ಕೊಡಲು ಬಂದರೆ, “ನನಗೆ ನಿನ್ನ ಕೈಯಿಂದ ಏನೂ ಬೇಡ” ಅಂದೆ. ಹತ್ತು ವರ್ಷದ ಹುಡುಗಿಯ ಬಾಯಲ್ಲಿ ಆ ಮಾತು. ದಾದಿ ಖರ್ಜೂರವನ್ನು ಕಿಟಕಿಯಲ್ಲಿಟ್ಟು ಹೋದಳು, ಇರುವೆ ಮುತ್ತಿದವು. ಅಮ್ಮೀ ಅದನ್ನು ಕಂಡಳು, ನನಗೆ ಒಂದೇಟು ಹಾಕಬೇಕಾದವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಬಸುರಿ, ಬಳಲಿಕೆ ಅಂದುಕೊಂಡೆ.

ಅಮ್ಮೀಗೆ ನೋವು ಶುರುವಾದದ್ದು ಒಂದು ಬೆಳಗ್ಗೆ. ಅಬ್ಬಾ ಲಾರಿ ಮೇಲೆ ಹೋಗಿದ್ದರು. ಸೂಲಗಿತ್ತಿ ಬಂದಳು, ಮಧ್ಯಾಹ್ನವಾಯಿತು, ಕೂಸು ಕದಲಲಿಲ್ಲ. ಸೂಲಗಿತ್ತಿ ದಾದಿಯನ್ನು ಪಕ್ಕಕ್ಕೆ ಕರೆದು ಏನೋ ಪಿಸುಗುಟ್ಟಿದಳು, ಬಿಸಿನೀರಿಗೆಂದು ಹಿತ್ತಲಿಗೆ ಹೋದಳು. ನಾನು ಕೋಣೆಯ ಬಾಗಿಲ ಹೊರಗೆ ಗೋಡೆಗೆ ಒರಗಿ ಕೂತಿದ್ದೆ. ಆಗ ಅಮ್ಮೀಯ ದನಿ ಕೇಳಿಸಿತು.

“ಅಮ್ಮಾ, ನಿಮ್ಮ ಶಾಪ ತಟ್ಟಿದೆ ನನಗೆ. ನಾನು ಸಾಯ್ತೀನಿ. ಸಾಯೋಕೆ ಮುಂಚೆ ಹೇಳಿಬಿಡ್ತೀನಿ. ಕೇಸರಿ ಕದ್ದೋಳು ನಾನು. ದಿನಾ ಹಾಲಿಗೆ ಹಾಕ್ಕೊಂಡು ಕುಡಿದೆ, ಕೂಸು ಕೆಂಪಗೆ ಹುಟ್ಟಲಿ ಅಂತ. ನಿಮ್ಮ ಬಟ್ಟಲಿಗೆ ಜರ್ದಾ ಬಣ್ಣ ಕದಡಿದೆ. ಮುನ್ನಿ ಥರ ಇನ್ನೊಂದು ಹುಟ್ಟಿದ್ರೆ ಜನ...”

ಮುನ್ನಿ ಎಂದರೆ ನಾನು. ಮುಂದಿನ ಮಾತು ನೋವಿನಲ್ಲಿ ಮುಳುಗಿತು. ಆಮೇಲೆ ದಾದಿ ಅಂದದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

“ಹುಚ್ಚಿ. ನನ್ನ ಕಣ್ಣು ಹೋಗಿದೆ, ಮೂಗು ಹೋಗಿದೆಯಾ? ಮೊದಲ ದಿನವೇ ಗೊತ್ತಾಯ್ತು. ಅಕ್ಷರ ಅಸಲಿ ಇತ್ತಲ್ಲ, ಅಲ್ಲಾ ಅಷ್ಟನ್ನ ನೋಡ್ಕೋತಾನೆ ಅಂದ್ಕೊಂಡೆ. ಕೇಸರಿ ಎಲ್ಲಿಗೆ ಹೋಯ್ತು, ನನ್ನ ಮೊಮ್ಮಗುವಿನ ಹೊಟ್ಟೆಗೇ ಅಲ್ವಾ? ಶಾಪ ಯಾಕೆ ಹಾಕ್ಲಿ? ಮುಕ್ಕು ಈಗ, ಮುಕ್ಕು.”

ಹೊತ್ತು ಇಳಿಯುವ ಮುಂಚೆ ನನ್ನ ತಮ್ಮ ಹುಟ್ಟಿದ. ದಾದಿ ಅವನನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣಿನ ಹತ್ತಿರ ತಂದು, ನಕ್ಕೇ ನಕ್ಕಳು.

“ಅಕ್ಕನ ಬಣ್ಣಾನೇ ತಂದಿದ್ದಾನೆ ದುಲ್ಹನ್! ಬೊಂಬಾಯಿ ಕೇಸರಿ ಎಲ್ಲಾ ದಂಡ!”

ಅಮ್ಮೀಯೂ ಅಳುತ್ತಳುತ್ತಾ ನಕ್ಕಳು. ಬಾಗಿಲಲ್ಲಿ ನನ್ನನ್ನು ಕಂಡು ಮುಖ ಆಚೆ ತಿರುಗಿಸಿಕೊಂಡಳು. ನನಗೆ ಅವಳ ಮೇಲೆ ಕೋಪ ಬರಲಿಲ್ಲ, ಬರಲು ಜಾಗವೇ ಇರಲಿಲ್ಲ. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸುತ್ತಿತ್ತು. ಇಷ್ಟು ದಿನ ನಾನು ಉಗುಳಿದ್ದು ಯಾರ ಮೇಲೆ! ದಾದಿ ನನ್ನನ್ನು ಹತ್ತಿರ ಕರೆದು ಕೂಸನ್ನು ತೊಡೆಗೆ ಹಾಕಿದಳು, ಕಿವಿ ಹಿಡಿದಳು.

“ಕೇಳಿಸ್ಕೊಂಡ್ಯಲ್ಲ? ಈ ಮಾತು ಹೊಸಿಲು ದಾಟಬಾರದು. ನಿಮ್ಮ ಅಬ್ಬಾನಿಗೂ ಗೊತ್ತಾಗಬಾರದು. ನಾನು ಮುದುಕಿ, ನಾಲ್ಕು ಜನ ಬೈದ್ರೆ ಏನು ಹೋಯ್ತು. ಅವಳು ಇನ್ನೂ ಬಾಳಬೇಕಾದವಳು.”

ಹೂಂ ಅಂದೆ. ಕ್ಷಮಿಸು ದಾದಿ ಎನ್ನಬೇಕೆಂದು ಬಾಯಿ ತೆರೆದೆ, ಕೂಸಿನ ಬಟ್ಟೆ ಸರಿಮಾಡಿದೆ. ಆ ರಾತ್ರಿ ಹೇಳಿದರಾಯಿತು ಅಂದುಕೊಂಡು ಮಂಚಕ್ಕೆ ಹೋಗಿ ಗೋಡೆ ಕಡೆ ಮಲಗಿದೆ. ಅವಳು ಏನೂ ನಡೆದೇ ಇಲ್ಲವೆಂಬಂತೆ ಹೊದಿಕೆ ಎಳೆದಳು. ಹೇಳುವುದು ಅಲ್ಲಿಗೇ ನಿಂತಿತು.

ಬಾಣಂತನ ಮುಗಿಯುತ್ತಿದ್ದ ಹೊತ್ತಿಗೆ ಶಾಲೆಗೆ ರಜೆ ಬಂತು. ಅಬ್ಬಾ ನನ್ನನ್ನು ಲಾರಿಯಲ್ಲಿ ಭದ್ರಾವತಿಗೆ ಕರೆದುಕೊಂಡು ಹೋದರು. ಮಾಚೇನಹಳ್ಳಿ ದಾಟಿದ ಮೇಲಿಂದ ನನಗೆ ಒಂದೇ ಚಿಂತೆ. ಸರೋಜಮ್ಮನನ್ನು ಕಂಡರೆ ಏನು ಹೇಳಲಿ? ಕಂಡೇ ಕಂಡರು. ಲಾರಿ ನಿಂತದ್ದು ಅವರ ಕ್ವಾರ್ಟರ್ಸಿನ ಹತ್ತಿರ, ಅಬ್ಬಾ ಸಾಮಾನು ಇಳಿಸುತ್ತಿದ್ದಾಗ ಅವರು ನಲ್ಲಿಯಿಂದ ಕೊಡ ಹೊತ್ತು ಬರುತ್ತಿದ್ದರು. ಹಿಂದೆಯೇ ಅವರ ಕೂಸು ಸೀರೆ ಹಿಡಿದುಕೊಂಡು ತಪ್ಪುಹೆಜ್ಜೆ ಇಡುತ್ತಾ ಬರುತ್ತಿತ್ತು.

“ಬೀಬಮ್ಮನ ಮೊಮ್ಮಗಳಲ್ವೇನೇ ನೀನು? ಜಾಣೆ ಕಣೇ ಮಾರಾಯ್ತಿ! ನೀನಿಲ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ. ಅಮ್ಮ ಹೆತ್ತಳಂತಲ್ಲ?”

“ಹೂಂ, ತಮ್ಮ.”

“ಒಳ್ಳೇದಾಯ್ತು. ಪಾಪ, ಒಳ್ಳೇ ಹೆಂಗಸು ನಿಮ್ಮಮ್ಮ, ಅಂಥ ಅತ್ತೆ ಜೊತೆ ಹೆಂಗೆ ಬಾಳ್ತಾಳೋ. ಇರು.”

ಹಿತ್ತಲಿಗೆ ಹೋಗಿ ಒಂದು ಕಟ್ಟು ಸಬ್ಬಸಿಗೆ ಸೊಪ್ಪು ಕಿತ್ತು ತಂದರು. ಬಾಣಂತಿಗೆ ಹಾಲು ಹೆಚ್ಚಲಿ ಎಂದು. ನಾನು ಬಾಯಿ ಬಿಟ್ಟರೆ ದಾದಿಯ ಮಾನ ಉಳಿಯುತ್ತಿತ್ತು, ಅಮ್ಮೀಯದು ಹೋಗುತ್ತಿತ್ತು. ಜಗುಲಿಯ ಮೇಲೆ ಯಾರೂ ಕೇಳದಿದ್ದಾಗ ಅಷ್ಟು ದೊಡ್ಡದಾಗಿ ತೆರೆದ ಬಾಯಿ ಅವತ್ತು ತೆರೆಯಲಿಲ್ಲ. ಸೊಪ್ಪು ಈಸಿಕೊಂಡು ಲಾರಿ ಹತ್ತಿದೆ. ದಾರಿಯುದ್ದಕ್ಕೂ ನನಗೆ ಅಳು, ಅಬ್ಬಾ ವಾಕರಿಕೆ ಬಂತಾ ಎಂದು ಗಾಡಿ ನಿಲ್ಲಿಸಿದರು.

ಮನೆಯಲ್ಲಿ ದಾದಿ ಮೊರ ಮುಂದಿಟ್ಟುಕೊಂಡು ಆ ಸೊಪ್ಪು ಬಿಡಿಸಲು ಕೂತಳು.

“ಯಾರು ಕೊಟ್ಟಿದ್ದು?”

“ಭದ್ರಾವತಿ ಸರೋಜಮ್ಮ.”

ಅವಳ ಕೈ ನಿಂತಿತು.

“ಅವಳ ಕೂಸು?”

“ನಡೀತಿದೆ ದಾದಿ. ಗುಂಡಗಿದೆ.”

“ಶುಕ್ರ್ ಅಲ್ಲಾನದು, ಅವನ ದಯೆ.” ನಾಲ್ಕು ಎಸಳು ಬಿಡಿಸಿದಳು. ಆಮೇಲೆ ಸೊಪ್ಪಿಗೇ ಹೇಳುವಂತೆ ಕೇಳಿದಳು, “ನನ್ನ ವಿಷಯ ಏನಾದ್ರೂ ಅಂದಳಾ?”

ದಾದಿಯ ಮುಖ ನೋಡಿದೆ. ನಾಲ್ಕು ಜನ ಬೈದ್ರೆ ಏನು ಹೋಯ್ತು ಅಂದಿದ್ದವಳ ಮುಖ ಅದಾಗಿರಲಿಲ್ಲ.

“ಕೇಳಿದ್ರು ದಾದಿ. ಬೀಬಮ್ಮ ಹೇಗಿದ್ದಾರೆ ಅಂದ್ರು. ಗುರುವಾರ ಬರ್ತಾರಂತೆ.”

ಗುರುವಾರ ಮಧ್ಯಾಹ್ನವೇ ದಾದಿ ಸ್ನಾನ ಮಾಡಿ ಬಿಳಿ ಸೀರೆ ಉಟ್ಟಳು. ತಟ್ಟೆ ತೊಳೆದು ಸೆರಗಿನಲ್ಲಿ ಒರೆಸಿದಳು. ಹೊಸ ಡಬ್ಬಿ ಬಂದಿತ್ತು, ಬೀಗದಕೈ ಎಸೆದು “ದುಲ್ಹನ್” ಎಂದು ಕೂಗಿದಳು. ಅಮ್ಮೀ ಕಲ್ಲಿನ ಮುಂದೆ ಕೂತು ಕೇಸರಿ ಅರೆಯುತ್ತಾ ನನ್ನನ್ನು ಮೆಲ್ಲಗೆ ಕೇಳಿದಳು.

“ಅವಳು ಬರ್ತೀನಿ ಅಂದಿದ್ದು ನಿಜಾನಾ ಮುನ್ನಿ?”

ನಾನು ನೆಲ ನೋಡಿದೆ. ಅಮ್ಮೀ ನನ್ನನ್ನೇ ನೋಡಿದಳು. ಮತ್ತೆ ಅರೆಯತೊಡಗಿದಳು, ಒಂದು ಚಿಟಿಕೆ ಹೆಚ್ಚೇ ಹಾಕಿ.

ದಾದಿ ಜಗುಲಿಯ ಮೇಲೆ ಕೂತಳು. ಬೀದಿಯಲ್ಲಿ ಬಳೆ ಸದ್ದಾದಾಗಲೆಲ್ಲ ಸೆರಗು ಸರಿಮಾಡಿಕೊಂಡಳು. ಶಾಲೆ ಬಿಟ್ಟ ಮಕ್ಕಳು ಹೋದರು, ಹಾಲಿನವನು ಹೋದ, ಮಸೀದಿಯಲ್ಲಿ ಬಾಂಗ್ ಆಯಿತು. ಬಟ್ಟಲಿನ ಅಂಚಿನಲ್ಲಿ ಕೇಸರಿ ಒಣಗಿ ಗೆರೆ ಕಟ್ಟಿತು.

“ಬಸ್ಸು ತಪ್ಪಿರಬೇಕು ಮುನ್ನಿ. ಕೂಸು ಕಟ್ಕೊಂಡು ಬರೋ ಹೆಂಗಸು, ಪಾಪ.”

“ಹೌದು ದಾದಿ.”

“ಮುಂದಿನ ವಾರ ಬರ್ತಾಳೆ ಬಿಡು.”

ಒಳಗಿಂದ ಅಮ್ಮೀ, “ಬರ್ತಾಳೆ ಅಮ್ಮಾ” ಅಂದಳು.

ಮುಂದಿನ ಗುರುವಾರ ಅಮ್ಮೀ ಮತ್ತೆ ಕೇಸರಿ ಅರೆದಳು. ಅದರ ಮುಂದಿನ ಗುರುವಾರವೂ ಅರೆದಳು.